ಅರ್ಜಿಗೆ ಬಲ ತುಂಬಿದ ವರ್ಷ

ಫಿಸಿಶಿಯನ್ ಅಸೋಸಿಯೇಟ್ ಕೋರ್ಸಿಗೆ ನಾನು ಹಾಕಿದ ಅರ್ಜಿ ಬಿದ್ದುಹೋದದ್ದು ರೋಗಿಗಳ ಜೊತೆ ಕೆಲಸ ಮಾಡಿದ ಅನುಭವ ಸಾಲದೆ. ಡಬ್ಲಿನ್ ಪಕ್ಕದ ಲೂಕನ್‌ನ ಕನ್ನಡಿಗರೆಲ್ಲ ಆಗ ಹಾಗೇ ನಂಬಿದ್ದರು. ನಾನೂ ನಂಬಿದ್ದೆ. ಕಾಲೇಜಿನ ಪತ್ರದಲ್ಲಿ ಕಾರಣ ಇರಲಿಲ್ಲ, ವಿಷಾದ ಮಾತ್ರ ಇತ್ತು. ಅವರನ್ನೇ ಕೇಳಬಹುದಿತ್ತು. ಆದರೆ ಕಾರಣ ಗೊತ್ತಿರುವಾಗ ಯಾರು ಕೇಳುತ್ತಾರೆ?

ಎರಡು ವರ್ಷದ ಕೋರ್ಸು. ಮುಗಿಸಿದವರು ಆಸ್ಪತ್ರೆಯಲ್ಲಿ ಡಾಕ್ಟರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ಪರೀಕ್ಷಿಸುತ್ತಾರೆ. ಮೈಸೂರಿನಲ್ಲಿ ನಮ್ಮಮ್ಮ ಇದನ್ನು ಅಕ್ಕಪಕ್ಕದವರಿಗೆ ‘ಡಾಕ್ಟರ್ ಓದ್ತಾಳೆ’ ಎಂದು ಚಿಕ್ಕದು ಮಾಡಿ ಹೇಳಿದ್ದಳು. ನನ್ನ ಬಳಿ ಮೈಕ್ರೊಬಯಾಲಜಿ ಪದವಿ ಇತ್ತು, ಮೈಸೂರಿನ ಲ್ಯಾಬೊಂದರಲ್ಲಿ ನಾಲ್ಕು ವರ್ಷ ಜನರ ರಕ್ತ ತೆಗೆದ ಅಭ್ಯಾಸವಿತ್ತು, ವಯಸ್ಸು ಮೂವತ್ತೆಂಟಾಗಿತ್ತು. ಇನ್ನೊಂದು ಸಲ ಹಾಕುತ್ತೇನೆ, ಅದೂ ಬಿದ್ದರೆ ಮುಗಿಯಿತು ಎಂದು ಗಂಡನಿಗೆ ಹೇಳಿದೆ. ಹಾಗೆಲ್ಲ ಅನ್ನಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ. ಸರಿ ಅಂದ.

ಹಾಗಾಗಿ ಅರ್ಜಿಗೆ ಬಲ ತುಂಬುವ ಕೆಲಸ ಶುರುವಾಯಿತು. ಆ ಕೆಲಸಕ್ಕೆ ಇಳಿದವರಿಗೆ ಇಂಥವು ಆಗುತ್ತಲೇ ಇರುತ್ತವೆ.

೧. ಚುಚ್ಚುವುದು ಬೇರೆ

ಮೊದಲ ಸಭೆ ನಮ್ಮ ಊಟದ ಮೇಜಿನಲ್ಲಿ ನಡೆಯಿತು. ಅಧ್ಯಕ್ಷತೆ ಡಾಕ್ಟರ್ ಅಂಕಲ್‌ದು. ದಾವಣಗೆರೆಯವರು, ಇಪ್ಪತ್ತು ವರ್ಷದಿಂದ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದಾರೆ. ಮಗುವಿನ ಜ್ವರ, ಬಾಡಿಗೆ ಮನೆ, ಡ್ರೈವಿಂಗ್ ಟೆಸ್ಟು, ಎಲ್ಲದಕ್ಕೂ ನಮ್ಮವರು ಅವರ ಹತ್ತಿರವೇ ಹೋಗುತ್ತಾರೆ. ಹೋಗದಿದ್ದರೆ ಅವರೇ ಬರುತ್ತಾರೆ.

“ನಾಲ್ಕು ವರ್ಷ ಲ್ಯಾಬಲ್ಲಿ ರಕ್ತ ತೆಗ್ದಿದೀನಲ್ಲ ಅಂಕಲ್,” ಅಂದೆ.

“ಅದು ಚುಚ್ಚೋದಮ್ಮ. ಇವರು ಕೇಳೋದು ಅದಲ್ಲ. ಪೇಶೆಂಟ್ ಕೈ ಹಿಡ್ಕೊಂಡು ಕೂತಿರ್ಬೇಕು.”

ನನ್ನ ಗಂಡ ಸಾಫ್ಟ್‌ವೇರಿನವನು. “ಎಷ್ಟು ಗಂಟೆ ಹಿಡ್ಕೋಬೇಕು ಅಂಕಲ್?” ಎಂದು ಲ್ಯಾಪ್‌ಟಾಪ್ ತೆರೆದ.

ಅಂಕಲ್ ಸೂರು ನೋಡಿದರು. “ಸಾವಿರ ಇದ್ರೆ ಸೇಫು.”

ಸಾವಿರ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಮರುದಿನ ಫ್ರಿಜ್ಜಿನ ಮೇಲೆ ಒಂದು ಚಾರ್ಟು ಬಂತು: ವಾರ, ಗಂಟೆ, ಬಾಕಿ. ಎಂಟು ವರ್ಷದ ಮಗಳು ಇಲ್ಲೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಅಪ್ಪಟ ಡಬ್ಲಿನ್ ಇಂಗ್ಲಿಷಿನಲ್ಲಿ. ಸಾವಿರ ಗಂಟೆ ಕೈ ಹಿಡಿಯುವ ಯೋಜನೆಯನ್ನು ಅವಳಿಗೆ ವಿವರಿಸಿದೆ. ಅವಳು ಸೀರಿಯಲ್ ತಿನ್ನುತ್ತ ಕೇಳಿಸಿಕೊಂಡು, ಅಷ್ಟು ಹೊತ್ತು ಕೈ ಕೊಡೋಕೆ ಯಾರಾದ್ರೂ ಒಪ್ಪಿದಾರಾ ಎಂದು ಕೇಳಿದಳು.

೨. ಮೂರನೇ ಸಲ

ಒಪ್ಪುವವರು ಸಿಕ್ಕಿದ್ದು ಬಸ್ಸಿನಲ್ಲಿ ಇಪ್ಪತ್ತು ನಿಮಿಷ ದೂರದ ಒಂದು ನರ್ಸಿಂಗ್ ಹೋಮಿನಲ್ಲಿ. ವಯಸ್ಸಾದವರನ್ನು ನೋಡಿಕೊಳ್ಳುವ ಜಾಗ. ನನ್ನದು ಕೇರ್ ಅಸಿಸ್ಟೆಂಟ್ ಕೆಲಸ: ಸ್ನಾನ ಮಾಡಿಸುವುದು, ಊಟ ಕೊಡುವುದು, ಚಹಾ ಕೊಡುವುದು, ಮತ್ತೆ ಚಹಾ ಕೊಡುವುದು.

ತೊಂಬತ್ತು ದಾಟಿದ ಅಜ್ಜಿಯೊಬ್ಬರು ಊಟ ಬೇಡ ಎನ್ನುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದ ಹುಡುಗಿಯರು ಒಮ್ಮೆ ಕೇಳಿ, ‘ಊಟ ನಿರಾಕರಿಸಿದರು’ ಎಂದು ಬರೆದು ಹೋಗುತ್ತಿದ್ದರು. ಅಜ್ಜಿಯ ತೂಕ ಇಳಿಯುತ್ತಿತ್ತು. ನಾನು ಕೇಳಿದಾಗಲೂ ಬೇಡ ಅಂದರು. ಬೇಡ ಎನ್ನುವ ಆ ಧಾಟಿ ನನಗೆ ಗೊತ್ತಿತ್ತು. ನಮ್ಮ ನೆಂಟರ ಮನೆಗಳಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದು, ಬೆರಳ ಸಂದಿಯಲ್ಲಿ ಪಾಯಸಕ್ಕೆ ದಾರಿ ಬಿಡುವವರ ಧಾಟಿ. ಎರಡನೇ ಸಲ ಕೇಳಿದೆ. ಬೇಡ, ನಿನಗೆ ಸುಮ್ಮನೆ ತೊಂದರೆ ಅಂದರು. ಮೂರನೇ ಸಲ, “ನಿಮಗೋಸ್ಕರ ಬೇಡ, ನನಗೋಸ್ಕರ ಒಂದು ತುತ್ತು” ಅಂದೆ. ತಟ್ಟೆ ಖಾಲಿಯಾಯಿತು.

ಮ್ಯಾನೇಜರ್ ಮೂವತ್ತು ವರ್ಷ ಅನುಭವದ ಐರಿಶ್ ನರ್ಸು, ಯಾವುದಕ್ಕೂ ಬೆರಗಾಗುವವಳಲ್ಲ. ತಟ್ಟೆ ನೋಡಿ ಬೆರಗಾದಳು. ಮಾರನೇ ದಿನ ಅಜ್ಜಿಯ ಕಹಿ ಸಿರಪ್ಪಿನ ಹೊಣೆಯೂ ನನಗೇ ಬಂತು. ನಾನು ಆತ್ಮವಿಶ್ವಾಸದಿಂದ ಎರಡು ಸಲ ಕೇಳಿದೆ. ಮೂರನೇ ಸಲ ಕೇಳಿದಾಗ ಲೋಟ ನನ್ನ ಎದೆಯ ಮೇಲೆ ಬಂದು ಬಿತ್ತು.

ಮ್ಯಾನೇಜರ್ ಬಾಗಿಲಲ್ಲಿ ನಿಂತು ನೋಡಿದಳು. “ಗ್ರ್ಯಾಂಡ್,” ಅಂದಳು, ಐರಿಶರ ‘ಸರಿ ಬಿಡು’. “‘ನಿರಾಕರಿಸಿದರು’ ಅಂತ ಬರಿ.”

೩. ಸ್ವಲ್ಪ ಕಮ್ಮಿ ಹಾಕಮ್ಮ

ಸಮಾಜಸೇವೆಯೂ ಅರ್ಜಿಗೆ ಒಳ್ಳೆಯದೆಂದು ಅಂಕಲ್ ಹೇಳಿದರು. ಯುಗಾದಿಗೆ ಕ್ಯಾಸಲ್‌ನಾಕ್‌ನ ಒಂದು ಸಭಾಂಗಣದಲ್ಲಿ ಕನ್ನಡಿಗರ ಊಟವಿತ್ತು. ಮೂಲೆಯಲ್ಲಿ ಮೇಜು ಹಾಕಿಕೊಂಡು ಉಚಿತ ಬಿ.ಪಿ. ತಪಾಸಣೆ ಎಂದು ಬೋರ್ಡು ಇಟ್ಟೆ. ಮೇಜಿಗೆ ಜಾಗ ಸಿಕ್ಕಿದ್ದು ಹೋಳಿಗೆಯ ಕೌಂಟರಿಗೂ ಕೈತೊಳೆಯುವ ಜಾಗಕ್ಕೂ ನಡುವೆ. ಮೂರು ಹೋಳಿಗೆ ಮುಗಿಸಿ ಬಂದವನ ಬಿ.ಪಿ. ಹೇಗಿರಬೇಕೋ ಹಾಗೇ ಇತ್ತು.

“ನೂರ ಅರವತ್ತು ಸರ್,” ಎಂದು ಒಬ್ಬರಿಗೆ ಹೇಳಿದೆ.

“ಜಾಸ್ತಿ ಆಯ್ತು. ನೂರ ನಲವತ್ತು ಹಾಕಮ್ಮ.”

“ಹಾಕೋದು ನಾನಲ್ಲ ಸರ್, ಮಶಿನ್ನು.”

“ಮಶಿನ್ ಹೇಳುತ್ತೆ, ಬರೆಯೋಳು ನೀನು ತಾನೆ. ಪಕ್ಕದಲ್ಲೇ ನಮ್ಮನೆಯವಳು ನಿಂತಿದಾಳೆ ನೋಡು.”

ಎಡಗೈ ಆಯಿತು, ಬಲಗೈ ಆಯಿತು. ನೂರ ಐವತ್ತೆರಡಕ್ಕೆ ಇಳಿದಾಗ ಅವರು ಸೊಪ್ಪಿನವಳ ಹತ್ತಿರ ಗೆದ್ದವರಂತೆ ಎದ್ದುಹೋದರು. ಕೊನೆಗೆ ಬಂದ ಆಂಟಿಯದು ಮಾತ್ರ ನೂರ ಇಪ್ಪತ್ತು. ಇಡೀ ಸಭಾಂಗಣದಲ್ಲಿ ಅದೊಂದೇ. ಆಂಟಿ ಚೀಟಿ ತೆಗೆದುಕೊಂಡು ಮತ್ತೆ ಕೈ ಚಾಚಿದರು.

“ಯಾಕೆ ಆಂಟಿ, ಸರಿಯಾಗೇ ಇದೆಯಲ್ಲ.”

“ನಂದು ಆಯ್ತು. ನಮ್ಮೆಜಮಾನ್ರು ಪಾರ್ಕಿಂಗಲ್ಲಿ ಕಾರ್ ತೆಗೀತಿದಾರೆ. ಅವರದ್ದನ್ನೂ ಇದ್ರಲ್ಲೇ ನೋಡಿ ಬರ್ಕೊಟ್ಬಿಡು.”

೪. ಕಟ್ಟೆಯ ಮೇಲೆ ಸಂದರ್ಶನ

ಸಂದರ್ಶನದ ತಾಲೀಮಿಗೆ ಅಂಕಲ್ ನಮ್ಮನ್ನು ಡನ್ ಲಿಯರಿಗೆ ಕರೆದುಕೊಂಡು ಹೋದರು. ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಕಟ್ಟೆಯ ಮೇಲೆ, ಎದುರುಗಾಳಿಯಲ್ಲಿ, ಅವರು ಪ್ರಶ್ನೆ ಕೇಳುತ್ತ ಬಿರಬಿರನೆ ನಡೆದರು. ನಾನು ಉತ್ತರ ಹಿಡಿದು ಹಿಂದೆ ಓಡಿದೆ.

“ಈ ಕೆಲಸಕ್ಕೇ ಯಾಕೆ ಬರ್ಬೇಕು ಅಂತಿದೀಯ?”

“ಲ್ಯಾಬಲ್ಲಿ ಇದ್ದಾಗ...”

“ಲ್ಯಾಬ್ ಬೇಡ. ಚಿಕ್ಕಂದಿನಿಂದ ಸೇವೆ ಮಾಡ್ಬೇಕು ಅಂತಿತ್ತು ಅನ್ನು.”

ಚಿಕ್ಕಂದಿನಲ್ಲಿ ನನಗೆ ಬಸ್ ಕಂಡಕ್ಟರ್ ಆಗಬೇಕೆಂದಿತ್ತು. ಅದನ್ನು ಹೇಳುವಷ್ಟರಲ್ಲಿ ಅವರು ಎರಡನೇ ಪ್ರಶ್ನೆ ಕೇಳಿ, ಅದಕ್ಕೆ ಉತ್ತರವನ್ನೂ ಕೊಟ್ಟು, ಆ ಉತ್ತರದ ಒಂದು ಅಂಶವನ್ನು ಖಂಡಿಸುತ್ತಿದ್ದರು. ಕಟ್ಟೆಯ ತುದಿಯವರೆಗೆ ಹೋಗಿ ವಾಪಸ್ ಬಂದೆವು. ನಾನು ಒಟ್ಟು ಆಡಿದ್ದು ಆ ಎರಡು ಪದ.

ಕಾರಿನ ಹತ್ತಿರ ಅಂಕಲ್ ಬೆವರೊರೆಸಿಕೊಂಡು ನನ್ನ ಗಂಡನಿಗೆ ಹೇಳಿದರು: “ಪರವಾಗಿಲ್ಲ, ಚೆನ್ನಾಗಿ ಮಾತಾಡ್ತಾಳೆ.”

೫. ಮೂರು ಸಾಲು

ಅರ್ಜಿಗೆ ಎರಡು ಶಿಫಾರಸು ಬೇಕು. ಬರೆಯುವವರಿಗೆ ಕಾಲೇಜು ನೇರವಾಗಿ ಒಂದು ಫಾರಂ ಕಳಿಸುತ್ತದೆ. ಅವರೇನು ತುಂಬಿದರೆಂದು ನಮಗೆ ಕಾಣುವುದಿಲ್ಲ. ಹೋದ ವರ್ಷ ಬರೆದವರು ಮೈಸೂರಿನ ನನ್ನ ಪ್ರೊಫೆಸರ್ ಮತ್ತು ಡಾಕ್ಟರ್ ಅಂಕಲ್. ಈ ಸಲವೂ ಅವರೇ ಎಂದಾಗಿತ್ತು. ಪ್ರೊಫೆಸರ್ ಕಳಿಸಿದರು. ಕೊನೆಯ ದಿನಕ್ಕೆ ಎರಡು ದಿನವಿರುವಾಗ ನೋಡಿದರೆ ಅಂಕಲ್ ಇನ್ನೂ ಕಳಿಸಿಲ್ಲ. ಅಣ್ಣನ ಮನೆಯ ಗೃಹಪ್ರವೇಶಕ್ಕೆಂದು ದಾವಣಗೆರೆಯಲ್ಲಿದ್ದರು.

“ಫೋನಲ್ಲೇ ತುಂಬಿ ಅಂಕಲ್, ಹತ್ತು ನಿಮಿಷ.”

“ಫೋನಲ್ಲಿ ಬರೆದ್ರೆ ತೂಕ ಇರಲ್ಲಮ್ಮ. ಸೋಮವಾರ ಬಂದು ನೆಮ್ಮದಿಯಾಗಿ ಎರಡು ಪುಟ ಬರೀತೀನಿ.”

“ಶುಕ್ರವಾರ ಕೊನೇ ದಿನ.”

“ಕೊನೇ ದಿನ ಅಂತ ಸುಮ್ನೆ ಹಾಕಿರ್ತಾರೆ ಬಿಡು.”

ಇಪ್ಪತ್ತು ವರ್ಷ ಐರ್ಲೆಂಡಿನಲ್ಲಿದ್ದ ಮನುಷ್ಯ, ಒಂದು ವಾರ ಊರಿಗೆ ಹೋದದ್ದೇ ಹೀಗಾಗಿದ್ದರು. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ಅದರಲ್ಲಿ ತಮಾಷೆ ಏನಿಲ್ಲ. ಗುರುವಾರ ನರ್ಸಿಂಗ್ ಹೋಮಿಗೆ ಹೋಗಿ ಮ್ಯಾನೇಜರಿಗೆ ವಿಷಯ ಹೇಳಿ, ಅರ್ಜಿಯಲ್ಲಿ ಅಂಕಲ್ ಹೆಸರು ತೆಗೆದು ಅವಳ ಹೆಸರು ಹಾಕಿದೆ. ಫಾರಂ ಬಂದದ್ದೇ ಅವಳು ಚಹಾ ಕೆಳಗಿಡದೆ, ಒಂದೇ ಕೈಯಲ್ಲಿ ಟೈಪ್ ಮಾಡಿ ಕಳಿಸಿದಳು. ಕಳಿಸಿದ್ದನ್ನು ತೋರಿಸಿದಳು. ಮೂರೇ ಸಾಲು: ಸಮಯಕ್ಕೆ ಬರುತ್ತಾಳೆ. ಚಹಾ ಸುಮಾರು. ಇವಳನ್ನು ಬಿಟ್ಟುಕೊಡಲು ನಮಗೆ ಇಷ್ಟವಿಲ್ಲ.

ಅಂಕಲ್‌ಗೆ ಅದನ್ನು ಓದಿ ಹೇಳಿದೆ. ಆ ಕಡೆಯ ನಾದಸ್ವರವನ್ನೂ ಮೀರಿಸಿ ಅಂಕಲ್ ಕೂಗಿದರು. “ಇದನ್ನ ಕಳಿಸಿಬಿಟ್ರಾ? ಸರಿ, ಇನ್ನು ಮರ್ತುಬಿಡಮ್ಮ.”

ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ನಾನೇ ಮಾತಾಡಿದೆ, ಬಸ್ ಕಂಡಕ್ಟರ್ ವಿಷಯವನ್ನೂ ಹೇಳಿದೆ. ಸೀಟು ಸಿಕ್ಕಿತು.

ಆ ಶನಿವಾರ ನಮ್ಮ ಮನೆಗೆ ಸ್ವೀಟ್ ಬಾಕ್ಸ್ ತಂದವರು ಅಂಕಲ್. “ನೋಡಿದ್ಯಾ, ಅನುಭವ. ಮೊದಲ ದಿನಾನೇ ಹೇಳಿದ್ದೆ,” ಅಂದರು. ಬಂದವರೆಲ್ಲ ತಲೆಯಾಡಿಸಿದರು. ಮುಂದಿನ ವರ್ಷ ಅರ್ಜಿ ಹಾಕಬೇಕೆಂದಿದ್ದ ಒಬ್ಬಳು ನರ್ಸಿಂಗ್ ಹೋಮಿನ ನಂಬರ್ ಬರೆದುಕೊಂಡಳು. ಬಲ ತುಂಬುವ ವಿದ್ಯೆಗೆ ನಾನೇ ಪುರಾವೆಯಾಗಿ ಸೋಫಾದ ಮೇಲೆ ಕೂತಿದ್ದೆ.

ಸೋಮವಾರ ಪ್ರವೇಶ ಖಚಿತಪಡಿಸಲು ಕಾಲೇಜಿನ ಕಚೇರಿಗೆ ಫೋನ್ ಮಾಡಿದೆ. ಎತ್ತಿದ ಹೆಂಗಸಿಗೆ ಮಾತಾಡುವ ಬಿಡುವಿತ್ತು.

“ಹೋದ ವರ್ಷವೂ ಹಾಕಿದ್ರಿ, ಅಲ್ವಾ?”

“ಹೌದು. ಆಗ ಅನುಭವ ಸಾಲಲಿಲ್ಲ.”

ಕೀಬೋರ್ಡಿನ ಸದ್ದು ಕೇಳಿಸಿತು. “ಇಲ್ಲವಲ್ಲ. ಲ್ಯಾಬಿನ ನಾಲ್ಕು ವರ್ಷಕ್ಕೇ ಆಗ ಪೂರ್ತಿ ಅಂಕ ಬಂದಿದೆ. ಈ ವರ್ಷವೂ ಅಷ್ಟೇ ಬಂದಿದೆ.”

“ಮತ್ತೆ ಯಾಕೆ ಸಿಗಲಿಲ್ಲ?”

“ಒಂದು ಶಿಫಾರಸು ಲೆಕ್ಕಕ್ಕೆ ಬರಲಿಲ್ಲ. ಮನೆಯವರು ಬರೆದರೆ ನಾವು ತಗೊಳ್ಳೋ ಹಾಗಿಲ್ಲ.”

“ನಮ್ಮ ಮನೆಯವರು ಯಾರೂ ಬರೆದಿಲ್ಲ.”

ಅವಳು ಅಂಕಲ್ ಹೆಸರನ್ನು ಕಷ್ಟಪಟ್ಟು, ಬಿಡಿಸಿ ಬಿಡಿಸಿ ಓದಿದಳು. “ಅರ್ಜಿದಾರರು ನಿಮಗೆ ಏನಾಗಬೇಕು ಅನ್ನೋ ಕಡೆ ಇವರು ‘ಮಗಳು’ ಅಂತ ತುಂಬಿದಾರೆ.”