ಚಲುವಯ್ಯನ ಒಂದು ಮಧ್ಯಾಹ್ನದ ದೊರೆತನ

ಯಸಳೂರಿನಾಚೆಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಚಲುವಯ್ಯನನ್ನು ಕೆಡಿಸಿದ್ದು ಊಟಕ್ಕೆ ಬಾಗಿಲು ಹಾಕಿದ್ದ ಒಂದು ಪಂಪಿನ ಅಂಗಡಿ.

ಅದು ಎರಡು ಸಾವಿರದ ನಾಲ್ಕರ ಮಾರ್ಚ್. ಕಾಫಿ ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟಿತ್ತು. ಮೊಗ್ಗು ಒಣಗುವ ಮೊದಲು ಸ್ಪ್ರಿಂಕ್ಲರ್ ಹಾಕೋಣವೆಂದರೆ ಪಂಪಿನ ವಾಲ್ವು ಒಡೆದಿತ್ತು. "ಸಕಲೇಶಪುರದಿಂದ ನಾಲ್ಕು ಗಂಟೆ ಬಸ್ಸಿಗೆ ವಾಲ್ವು ತರ್ಲಿಲ್ಲ ಅಂದ್ರೆ ನಾಳೆಯಿಂದ ನೀನೂ ಬರ್ಬೇಡ" ಎಂದು ಗದರಿದ ಧಣಿ ವೀರಭದ್ರಯ್ಯನವರು, ತಾವು ಹಾಸನದ ಮೀಟಿಂಗಿಗೆಂದು ಜೀಪು ಹತ್ತಿದ್ದರು. ಸಕಲೇಶಪುರ ದಾರಿಯಲ್ಲೇ ಸಿಗುತ್ತದಲ್ಲ, ತಾವೇ ತರಬಹುದಲ್ಲ ಎಂದು ಕೇಳುವ ಎದೆ ಯಾರಿಗಿದೆ?

ಸಕಲೇಶಪುರದಲ್ಲಿ ಬಸ್ಸಿಳಿದರೆ ಪಂಪಿನ ಅಂಗಡಿ ಮೂರಕ್ಕೆ ತೆರೆಯುತ್ತದೆಂದರು. ಬಿಸಿಲಿಗೆ ಹೆದರಿದ ಚಲುವಯ್ಯ ಎದುರಿಗಿದ್ದ, ಪರಿಚಯದ ಚಂದನನ ಸೈಬರ್ ಸೆಂಟರ್ ಹೊಕ್ಕ. ಒಳಗೆ ಕಂಪ್ಯೂಟರುಗಳಲ್ಲಿ ರಾಜರು, ರಾಕ್ಷಸರು, ಮಂತ್ರವಾದಿಗಳಿರುವ ಆಟ ನಡೆದಿತ್ತು.

"ಮೊದ್ಲು ನೀನ್ಯಾರು ಅಂತ ಆರಿಸ್ಕೊ ಚಲುವಣ್ಣ" ಎಂದ ಚಂದನ್. "ದೊರೆ ಮಗ, ಸಿಪಾಯಿ, ಆಳು. ಯಾರಾಗ್ತೀಯೋ ಅಲ್ಲಿನ ಜನ ನಿನ್ ಜೊತೆ ಹಂಗೇ ನಡ್ಕೊತಾರೆ. ಪಕ್ಕದ ಕ್ಯಾಬಿನ್ನಾಗೆ ಇನ್ನೊಬ್ರು ಆಳಾಗಿ ಕುಂತವ್ರೆ."

"ಆಳಾಗೋಕೆ ಇಲ್ಲಿಗಂಟ ಬರ್ಬೇಕಾ ಮಾರಾಯ? ದೊರೆ ಮಗನೇ ಆಗ್ತೀನಿ."

ಆದರೆ ದೊರೆತನ ಮೈಗೆ ಹತ್ತಲಿಲ್ಲ. ಪರದೆಯ ಮೇಲೆ ಕಾವಲುಗಾರರು ತಲೆಬಾಗಿದರೆ ಚಲುವಯ್ಯ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ. ಪಕ್ಕದ ಕ್ಯಾಬಿನ್ನಿನವರು ಆಡಿಸುತ್ತಿದ್ದ ಆಳು ಕೆಂಚನಿಗೆ, "ದಯವಿಟ್ಟು ಕುದುರೆಗೆ ನೀರು ಕುಡಿಸ್ತೀರಾ?" ಎಂದು ಇಂಗ್ಲಿಷ್ ಅಕ್ಷರಗಳನ್ನು ಹುಡುಕಿ ಹುಡುಕಿ ಟೈಪು ಮಾಡಿದ. ಕೆಂಚ ಮರದಡಿ ಮಲಗಿಬಿಟ್ಟ.

ಟೀ ತಂದ ಪಕ್ಕದ ಹೋಟೆಲಿನ ಗುಂಡಯ್ಯ ಹಣೆ ಚಚ್ಚಿಕೊಂಡ. "ಆಳಿಗೆ ಯಾರಾದ್ರೂ ದಯವಿಟ್ಟು ಅಂತಾರೇನೋ? ನಿಮ್ ಧಣಿ ಹೆಂಗ್ ಬೈತಾರೋ ಹಂಗ್ ಬೈ."

ಚಲುವಯ್ಯನಿಗೆ ಆವೇಶ ಬಂತು. "ಏನ್ಲಾ, ನಿಮ್ಮಪ್ಪನ ಮನೆ ನೆರಳು ಅನ್ಕೊಂಡ್ಯಾ? ಎದ್ದೇಳಲೇ ಸೋಂಬೇರಿ!" ಇಪ್ಪತ್ತು ವರ್ಷ ಧಣಿಯಿಂದ ತಿಂದು ನುಂಗಿಕೊಂಡಿದ್ದ ಬೈಗಳೆಲ್ಲ ಟೈಪಾಗಿ ಹೊರಬಿದ್ದವು. ಬೆನ್ನು ನೆಟ್ಟಗಾಯಿತು, ಇಲ್ಲದ ಮೀಸೆಯನ್ನು ಕೈ ತಿರುವಿತು. ಈಗ ಅವನು ನಿಜವಾಗಿಯೂ ದೊರೆ.

ಮೂರಕ್ಕೆ ಓಡಿ ವಾಲ್ವು ಕೊಂಡ. ಬಸ್ ಸ್ಟ್ಯಾಂಡಿಗೆ ಹೋಗಬೇಕಾದ ಕಾಲು ಮತ್ತೆ ಕ್ಯಾಬಿನ್ನಿಗೇ ಬಂತು. ಕೆಂಚ ಇನ್ನೂ ಮಲಗಿದ್ದ.

"ಚಲುವಣ್ಣ, ಮೂರೂಮುಕ್ಕಾಲು!" ಎಂದ ಚಂದನ್.

"ತಡಿಯೋ! ಇವನನ್ನ ಎಬ್ಬಿಸ್ದೆ ಹೋದ್ರೆ ನನ್ ಮರ್ಯಾದೆ ಏನಾಗ್ಬೇಕು?"

ನಾಲ್ಕಕ್ಕೆ ಐದು ನಿಮಿಷ. ಕೆಲಸ ಹೋಗುತ್ತದೆಂದು ಗೊತ್ತಿತ್ತು, ಬೆರಳು ಮಾತ್ರ ಬಿಡಲೊಲ್ಲದು. ಕೆಂಚನಿಂದ ಉತ್ತರ ಬಂತು: "ಏಳಲ್ಲ. ಏನ್ ಮಾಡ್ಕೊತೀಯ?"

"ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ ಕಣಲೇ!" ಎಂದು ಚಲುವಯ್ಯ ಬಾಯಿಬಿಟ್ಟೇ ಕೂಗಿದ. ಹೊರಗೆ ಯಸಳೂರು ಬಸ್ಸು ಹಾರ್ನ್ ಹೊಡೆದು ಹೊರಟೇಹೋಯಿತು.

ಪಕ್ಕದ ಕ್ಯಾಬಿನ್ನಿನ ಬಾಗಿಲು ತೆರೆಯಿತು. ನಿಂತಿದ್ದವರು ವೀರಭದ್ರಯ್ಯನವರು.

ಚಲುವಯ್ಯ ಕುರ್ಚಿಯಿಂದ ಎದ್ದು ನಿಂತ. "ಅಯ್ಯನೋರೆ... ಮೀಟಿಂಗು?"

"ಇದೇ ಮೀಟಿಂಗು. ವಾರಕ್ಕೊಂದು ದಿನ ಯಾರೂ ಏನೂ ಕೇಳ್ದೆ ಇರ್ಲಿ ಅಂತ ಆಳಾಗಿ ಮಲಗೋಕೆ ಬರ್ತೀನಿ ಕಣೋ. ಇಲ್ಲೂ ನನ್ ಬೈಗಳಲ್ಲೇ ನನ್ನ ಬೈದ್ಯಲ್ಲ!"

"ತಪ್ಪಾಯ್ತು ಅಯ್ಯನೋರೆ. ಕೆಲ್ಸದಿಂದ ಮಾತ್ರ ತೆಗೀಬೇಡಿ."

"ನಾನೆಲ್ಲಿ ತೆಗೀಲಿ? ನನ್ನೇ ನೀನು ತೆಗೆದ್ಯಲ್ಲ! ದೊರೆ ನೀನು. ತಗೋ ಜೀಪಿನ ಕೀ, ಹಿಂದಿನ ಬೀದೀಲಿ ನಿಲ್ಸಿದೀನಿ. ವಾಲ್ವು ಹಾಕ್ಸು, ತೋಟ ನೋಡ್ಕೊ. ನಂಗೆ ಇನ್ನೊಂದ್ ನಿದ್ದೆ ಐತೆ." ಬಾಗಿಲು ಮುಚ್ಚಿತು.

ಕೆಲಸ ಉಳಿಯಿತಲ್ಲ! ಬದುಕಿದೆಯಾ ಬಡಜೀವವೇ ಎಂದುಕೊಂಡು ಚಲುವಯ್ಯ ಧಣಿಯ ಸೀಟಿನಲ್ಲಿ ಕುಳಿತು ಜೀಪು ಓಡಿಸಿದ. ದಾರಿಯಲ್ಲಿ ಎದುರಾದ ಆಳುಗಳು ಜೀಪಿಗೆ ಕೈಮುಗಿದರು. ಈ ಸಲ ಅವನು ಎದ್ದು ನಿಲ್ಲಲಿಲ್ಲ, ಗತ್ತಿನಿಂದ ತಲೆಯಾಡಿಸಿದ.

ಎಸ್ಟೇಟಿನ ಗೇಟಿನಲ್ಲಿ ಧಣಿಯ ಹೆಂಡತಿ ಪಾರ್ವತಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದರು. ತೋಟದಲ್ಲಿ ಎಲ್ಲರೂ ಧಣಿಗೆ ಹೆದರುತ್ತಿದ್ದರು, ಧಣಿ ಈಯಮ್ಮನಿಗೆ.

"ಹಾಸನಕ್ಕೆ ಫೋನ್ ಮಾಡ್ದೆ. ಯಾವ ಮೀಟಿಂಗೂ ಇಲ್ವಂತೆ. ಎಲ್ಲೋ ನಿಮ್ ಅಯ್ಯನೋರು?"

ನಿಜ ಹೇಳಿದರೆ ಧಣಿ ಬಿಡುವುದಿಲ್ಲ, ಸುಳ್ಳು ಹೇಳಿದರೆ ಅಮ್ಮ ಬಿಡುವುದಿಲ್ಲ. ಗಾಬರಿಯಲ್ಲಿ ಚಲುವಯ್ಯನ ಬಾಯಿಂದ ಬಂದದ್ದು ಒಂದೇ ಮಾತು.

"ಅವ್ರನ್ನ... ನಾನು ಕೆಲ್ಸದಿಂದ ತೆಗೆದ್ಬುಟ್ಟೆ ಅಮ್ಮಾ."

ಪಾರ್ವತಮ್ಮ ಅವನನ್ನೂ ಜೀಪನ್ನೂ ಒಮ್ಮೆ ನೋಡಿದರು.

"ಓಹೋ, ಹಂಗಾದ್ರೆ ಈಗ ಧಣಿ ನೀನು. ಇಳಿ ಕೆಳಗೆ. ಬೆಳಿಗ್ಗೆಯಿಂದ ಧಣಿಗೆ ಅಂತ ಇಟ್ಕೊಂಡಿರೋ ಬೈಗಳೆಲ್ಲ ಹಂಗೇ ಅವೆ."