ಒಂದೇ ಪಾತ್ರೆಯ ಪುಟ್ಟಸ್ವಾಮಿ

ದಸರಾ ಆನೆಯನ್ನು ಕಂಡು ಎಲ್ಲರಂತೆ ನಾನೂ ಬಾಯಿ ಬಿಟ್ಟವನೇ. ಆದರೆ ಬೆರಗಿನಿಂದ ನನ್ನ ಮಾತೇ ನಿಂತುಹೋದದ್ದು ನಜರಬಾದಿನ ವಠಾರವೊಂದರ ಸಣ್ಣ ಕೋಣೆಯಲ್ಲಿ, ಒಂದು ಸೀಮೆಎಣ್ಣೆ ಸ್ಟೌವಿನ ಮುಂದೆ. ಹೀಗೆಂದರೆ ಸ್ನೇಹಿತರು ನಗುತ್ತಾರೆ. ನಗಲಿ, ಪಾಪ. ಅವರು ಪುಟ್ಟಸ್ವಾಮಿಯ ಬಸ್ಸಾರು ಉಂಡವರಲ್ಲ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದ ಕಾಲ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ನನ್ನ ಜೊತೆ ಕೋಣೆಯಲ್ಲಿದ್ದ ಪುಟ್ಟಸ್ವಾಮಿ ಮಿಡ್ಲ್ ಸ್ಕೂಲಿನ ಡ್ರಿಲ್ ಮಾಸ್ತರು. ಇಬ್ಬರೂ ಸುತ್ತಲ ಹಳ್ಳಿಗಳ ಒಕ್ಕಲು ಮನೆಯವರು. ನನಗೆ ಬರುತ್ತಿದ್ದ ಅಡುಗೆಯೆಂದರೆ ನೀರು ಕಾಯಿಸುವುದು. ಅದರಲ್ಲೂ ಒಮ್ಮೆ ಪಾತ್ರೆಯ ತಳ ಸೀದಿತ್ತು. ಹಾಗಾಗಿ ಲೋಟ, ತಟ್ಟೆ ತೊಳೆಯುವ ಖಾತೆ ನನ್ನದಾಯಿತು.

ಪುಟ್ಟಸ್ವಾಮಿಯ ಬಳಿ ಇದ್ದದ್ದು ಒಂದು ಪಾತ್ರೆ, ಒಂದು ಚೆಂಬು, ಅವನ ಅವ್ವ ಕೊಟ್ಟ ಮುದ್ದೆ ಕೋಲು. ಒರಳು ಇರಲಿಲ್ಲ. ಕಿಟಕಿಯ ಕೆಳಗಿನ ಕಲ್ಲುಚಪ್ಪಡಿಯನ್ನು ತೊಳೆದು, ಅದರ ಮೇಲೆ ಮೆಣಸಿನಕಾಯಿ, ಬೆಳ್ಳುಳ್ಳಿ, ಕಾಯಿಚೂರು ಇಟ್ಟು, ಡ್ರಿಲ್ ಕ್ಲಾಸಿಗೆ ಬೇಡವಾದ ಮರದ ಡಂಬೆಲ್ಸಿನಿಂದ ಜಜ್ಜುತ್ತಿದ್ದ. ಸಂಜೆ ಸೊಪ್ಪಿನವರು ಗಂಟು ಕಟ್ಟುವ ಹೊತ್ತಿಗೆ ಸರಿಯಾಗಿ ಮಾರ್ಕೆಟ್ಟಿಗೆ ಹೋಗಿ, "ಅಕ್ಕಾ, ಇದ ಒತ್ಕೊಂಡು ಊರಿಗೋಗ್ತೀಯಾ? ನನ್ಗೇ ಕೊಟ್ಬುಡು" ಎನ್ನುತ್ತಿದ್ದ. ಬೈಯುತ್ತಲೇ ಸೊಪ್ಪಿನವಳು ಮೇಲೊಂದು ಹಿಡಿ ಕೊತ್ತಂಬರಿಯನ್ನೂ ಹಾಕಿ ಕಳಿಸುತ್ತಿದ್ದಳು. ನಾನೂ ಒಮ್ಮೆ ಹೋಗಿ ಅದೇ ಮಾತು ಆಡಿದೆ. ನನಗೆ ಬೈಗುಳ ಮಾತ್ರ ಸಿಕ್ಕಿತು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಬೋಗಾದಿಯ ಸಿದ್ದೇಗೌಡರು ಬಾಗಿಲಲ್ಲಿ ನಿಂತರು. ಆಗ ಬೋಗಾದಿ ಇನ್ನೂ ಹಳ್ಳಿ. ಅವರ ಮಗಳು ಜಯಮ್ಮನನ್ನು ನನಗೆ ತರುವ ಮಾತನ್ನು ನಮ್ಮ ಸೋದರಮಾವ ಎತ್ತಿದ್ದರು. ಗೌಡರು ಹೇಳದೆ ಕೇಳದೆ ಹುಡುಗನನ್ನು ನೋಡಲು ಬಂದಿದ್ದರು. "ಹೋಟ್ಲಿಗೆ ಹೋಗಿ ಊಟ ಮಾಡೋಣ ಬನ್ನಿ" ಎಂದೆ.

"ನಾನು ಓಟ್ಲು ಮೆಟ್ಲು ಹತ್ತೋನಲ್ಲ ಕಣಪ್ಪ" ಎಂದು ಗೌಡರು ಚಾಪೆಯ ಮೇಲೆ ಕುಳಿತೇಬಿಟ್ಟರು.

ಕೋಣೆಯಲ್ಲಿ ಇದ್ದದ್ದು ರಾಗಿಹಿಟ್ಟು, ತುಸು ತೊಗರಿಬೇಳೆ, ಬಾಡತೊಡಗಿದ್ದ ದಂಟಿನಸೊಪ್ಪು. ನನ್ನ ಮದುವೆ ಮುರಿಯಿತೆಂದೇ ತಿಳಿದೆ. ಪುಟ್ಟಸ್ವಾಮಿ ಮಾತ್ರ "ಕೂತಿರಿ ಯಜಮಾನ್ರೇ" ಎಂದು ಅಂಗಿಯ ತೋಳು ಮಡಿಸಿದ. ಬೇಳೆ ಸೊಪ್ಪು ಬೆಂದವು. ಬಸಿದ ನೀರು ಚೆಂಬಿಗೆ, ಸೊಪ್ಪು ತಟ್ಟೆಗೆ. ಜಜ್ಜಿದ ಮಸಾಲೆ ಅದೇ ಪಾತ್ರೆಯಲ್ಲಿ ಚಟಪಟ ಎಂದಿತು. ಅದರಲ್ಲಿ ಒಂದು ಚಿಟಿಕೆ ಎತ್ತಿ ಸೊಪ್ಪಿಗೆ ಕಲಸಿದರೆ ಪಲ್ಯ, ಉಳಿದದ್ದಕ್ಕೆ ಬಸಿದ ನೀರು, ಹುಣಸೆಹುಳಿ ಬಿದ್ದರೆ ಸಾರು. ಕುದಿದ ಸಾರು ಚೆಂಬಿಗೆ ಇಳಿಯಿತು. ತೊಳೆದ ಪಾತ್ರೆಯಲ್ಲಿ ರಾಗಿಹಿಟ್ಟು ಬೆಂದಿತು. ಬಿಸಿ ಪಾತ್ರೆಯನ್ನು ಗೋಣಿತಾಟಿನ ನಡುವೆ ಪಾದಗಳಲ್ಲಿ ಅದುಮಿ ಹಿಡಿದು ಅವನು ಕೋಲು ತಿರುವುವಾಗ ನಾನು ಗೌಡರನ್ನೇ ಮರೆತು ನೋಡುತ್ತಿದ್ದೆ. ಗೌಡರೂ ನನ್ನನ್ನು ಮರೆತಿದ್ದರು.

ಮೊದಲ ತುತ್ತು ನುಂಗಿ ಅವರು ಕಣ್ಣು ಮುಚ್ಚಿದರು. ತೆರೆದವರೇ, "ಈ ಹುಡ್ಗ ಯಾವೂರು?" ಎಂದರು. ಪುಟ್ಟಸ್ವಾಮಿ ನಾಚಿಕೊಂಡ. ಹೆಮ್ಮೆ ತಡೆಯಲಾಗದೆ ನಾನೇ ಹೇಳಿದೆ: ಊರು, ಮನೆತನ, ನೌಕರಿ ಕಾಯಂ ಆದದ್ದು, ಬೀಡಿಯನ್ನೂ ಮುಟ್ಟದ ಗುಣ. ಗೌಡರು ಎಲ್ಲಕ್ಕೂ ತಲೆದೂಗಿದರು.

"ನೀವೇನ್ ಮಾಡ್ತೀರಪ್ಪ ಅಡ್ಗೇಲಿ?"

"ತಟ್ಟೆ ತೊಳೀತೀನಿ" ಎಂದೆ.

ಮುಂದಿನ ವಾರ ಸೋದರಮಾವ ಬಂದು ತಲೆ ತಗ್ಗಿಸಿ ಕುಳಿತರು. "ಏನ್ ಹೇಳ್ಲಪ್ಪ, ಆ ಗೌಡ ನಿನ್ನ ಸ್ನೇಹಿತನ್ನೇ ಒಪ್ಕೊಂಡ್ಬುಟ್ಟ." ಪುಟ್ಟಸ್ವಾಮಿ ಗಾಬರಿಯಾಗಿ, ನಾನು ಒಪ್ಪದೆ ತಾನು ಒಪ್ಪುವುದಿಲ್ಲವೆಂದು ಹಟ ಹಿಡಿದ. ಒಂದು ದಿನವೆಲ್ಲ ಯೋಚಿಸಿದೆ. ನೋಡಿಯೇ ಇಲ್ಲದ ಜಯಮ್ಮ ಕೈತಪ್ಪಿದ್ದಕ್ಕೆ ಅಷ್ಟೇನೂ ದುಃಖವಾಗಲಿಲ್ಲ. ಇವನು ಕೋಣೆ ಬಿಟ್ಟು ಹೋಗುತ್ತಾನಲ್ಲ ಎಂಬುದೊಂದೇ ಸಂಕಟ. ಆದರೂ ಒಪ್ಪಿಸಿದೆ.

ಮದುವೆಯಾಗಿ ಅವನು ಪಾತ್ರೆ, ಕೋಲು ನನ್ನ ಕೋಣೆಯಲ್ಲೇ ಬಿಟ್ಟು ಬೋಗಾದಿಗೆ ಮನೆ ಅಳಿಯನಾಗಿ ಹೋದ. ತಿಂಗಳು ಕಳೆಯುವುದರೊಳಗೆ ಒಂದು ಭಾನುವಾರ ಸೊಪ್ಪಿನ ಕಟ್ಟು ಹಿಡಿದು ನನ್ನ ಕೋಣೆಗೆ ಬಂದ. ಮುಖ ಇಳಿದಿತ್ತು. "ಒಲೆ ಮುಂದೆ ಕೂತ್ಕೊಳಂಗಿಲ್ಲ ಕಣೋ. ಅಳಿಯಂದ್ರು ಅಡ್ಗೆ ಮಾಡುದ್ರೆ ಊರೋರು ಏನಂದಾರು ಅಂತಾರೆ ಮಾವ" ಎಂದ. ಯಾವ ಕೈ ಮೆಚ್ಚಿ ಹೆಣ್ಣು ಕೊಟ್ಟರೋ ಆ ಕೈಯನ್ನೇ ಕಟ್ಟಿಹಾಕಿದ್ದರು! ಅವನ ಮೇಲೆ ಮರುಕ ಬಂತು. ನನ್ನ ನಾಲಗೆಯಲ್ಲಿ ನೀರೂ ಬಂತು. ಸ್ಟೌ ಅವನ ಮುಂದೆ ಇಟ್ಟೆ. ಆಮೇಲೆ ಭಾನುವಾರಗಳು ಹಾಗೆಯೇ ನಡೆದವು.

ಗಂಡ ಎಲ್ಲಿಗೆ ಹೋಗುತ್ತಾನೆಂದು ಪತ್ತೆ ಹಚ್ಚಿಕೊಂಡು ಒಮ್ಮೆ ಜಯಮ್ಮನೇ ಬಂದಳು. ಪುಟ್ಟಸ್ವಾಮಿ ಕೋಲು ಹಿಡಿದೇ ಕಲ್ಲಾದ. ಅವಳು ಪಾತ್ರೆಯನ್ನು ನೋಡಿದಳು, ಅವನನ್ನು ನೋಡಿದಳು, ಸೆರಗು ಸಿಕ್ಕಿಸಿ ಕುಳಿತು ಉಂಡಳು. ಉಂಡು, "ಅಪ್ಪನ್ಗೆ ಏಳೋದ್ ಬ್ಯಾಡ. ಇನ್ಮೇಲೆ ನಾನೂ ಬತ್ತೀನಿ" ಎಂದಳು. ಆ ಗಳಿಗೆಯಲ್ಲಿ ಪುಟ್ಟಸ್ವಾಮಿಯ ಮುಖ ಅರಳಿದ್ದನ್ನು ಕಂಡು ನನ್ನ ಕಣ್ಣೂ ತೇವವಾಯಿತು. ಎಂಥ ಜೋಡಿ ಕೂಡಿಸಿದೆನಲ್ಲ ಎಂದು ಬೀಗುತ್ತ ತಟ್ಟೆಗಳನ್ನು ಬಚ್ಚಲಿಗೆ ಒಯ್ದು ತೊಳೆದು ತಂದೆ.

ನನ್ನ ಹೆಂಡತಿಯಾಗಬೇಕಿದ್ದವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಅಣ್ಣಾ, ಇದ್ರಲ್ಲಿ ಇನ್ನೂ ಜಿಡ್ಡೈತೆ. ಇನ್ನೊಂದ್ಸಲ ತೊಳ್ಕೊಂಡ್ ಬಂದ್ಬುಡಿ."