ರಿಬ್ಬನ್ ಕಟ್ಟಿಕೊಂಡು ಕೂತ ಬೀಜದ ಯಂತ್ರದವರಿಗೆ ಒಂದು ಬಹಿರಂಗ ಅರಿಕೆ

ಮಾನ್ಯ ಬೀಜ ಒಣಗಿಸುವ ಯಂತ್ರ ಮಹೋದಯರೇ,

ನಮ್ಮೂರ ಬೀಜ ಸಂಘದ ಹಳೆಯ ಸದಸ್ಯನೂ, ಒಂದು ಕಾಲದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ, ಹತ್ತಿದಷ್ಟೇ ಬೇಗ ಇಳಿದವನೂ, ಸದ್ಯಕ್ಕೆ ಹೆಂಡತಿಯನ್ನು ಕಳೆದುಕೊಂಡು ಒಂಟಿಯಾಗಿರುವವನೂ ಆದ ನಾನು ತಮ್ಮ ನುಣುಪಾದ ಪಾದಗಳಿಗೆ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ಕಿಟಕಿಯಿಂದ ಇಣುಕಿ ತಿಳಿದುಕೊಂಡಿದ್ದೇನೆ. ನಾವು ಕ್ಷೇಮವೋ ಎಂದು ತಾವು ಕೇಳಲಿಲ್ಲವಾದರೂ ತಿಳಿಸುವುದು ಮರ್ಯಾದೆ: ಅಲ್ಲ.

'ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್' ಎಂದು ಶುರುಮಾಡಬೇಕೆಂದು ನಮ್ಮ ಇಂಗ್ಲಿಷ್ ಮೇಷ್ಟರು ಕಲಿಸಿದ್ದರು. ಆ ಫ್ಯೂ ಲೈನ್ಸ್ ಯಾವುವೆಂದು ಅವರು ಹೇಳಿಕೊಟ್ಟ ದಿನ ನಾನು ಕ್ಲಾಸಿನಲ್ಲಿ ಇರಲಿಲ್ಲವಾದ್ದರಿಂದ ಉಳಿದದ್ದನ್ನು ಮನೆಮಾತಿನಲ್ಲೇ ಬರೆಯುತ್ತಿದ್ದೇನೆ, ದಯವಿಟ್ಟು ಅಡ್ಜಸ್ಟ್ ಮಾಡಿಕೊಳ್ಳಬೇಕು.

ತಮ್ಮ ದೇಶವೂ ನಮ್ಮ ದೇಶವೂ ಹಳ್ಳಿಯ ರೈತರ ಉದ್ಧಾರಕ್ಕಾಗಿ ತಂತ್ರಜ್ಞಾನ ಹಂಚಿಕೊಳ್ಳುವುದೆಂದು ಒಪ್ಪಂದವಾಗಿ, ತಾವು ಹಡಗಿನಲ್ಲಿ ಸಮುದ್ರ ದಾಟಿ, ಲಾರಿಯಲ್ಲಿ ಗುಂಡಿಗಳನ್ನು ದಾಟಿ ನಮ್ಮೂರಿಗೆ ಬಂದಿರಿ. ಒದ್ದೆ ಬೀಜವನ್ನು ತಮ್ಮ ಬಾಯಿಗೆ ಸುರಿದರೆ ಸಂಜೆಯೊಳಗೆ ಒಣಗಿಸಿ ಕೊಡುತ್ತೀರಿ, ಹುಳು ಹತ್ತಿರ ಸುಳಿಯುವುದಿಲ್ಲ ಎಂದು ಕೇಳಿ ನಮ್ಮ ಕಣ್ಣು ತುಂಬಿ ಬಂತು. ಆದರೆ ತಾವು ತೇವ ತಾಗದ ಕೋಣೆಯಲ್ಲೇ ಇರಬೇಕೆಂದು ಕೃಷಿ ಕಚೇರಿಯ ಸಾಹೇಬರ ಅಪ್ಪಣೆಯಾಯಿತು. ಊರಲ್ಲಿ ತೇವ ತಾಗದ ಕೋಣೆ ಇರುವುದು ಒಂದೇ, ಅದು ಸಂಘದ ಬೀಜದ ಕೋಣೆ. ನೆಂಟರು ಬಂದರೆ ಒಳಗಿನ ಕೋಣೆ ಅವರಿಗೆ, ಮನೆಯವರು ಜಗಲಿಗೆ ಎಂಬುದು ನಮ್ಮಲ್ಲಿ ಚಿಕ್ಕ ಮಗುವಿಗೂ ಗೊತ್ತು. ಆದ್ದರಿಂದ ಬೀಜ ಒಣಗಿಸಲು ಬಂದ ತಮ್ಮನ್ನು ಒಣ ಕೋಣೆಯಲ್ಲಿ ಕೂರಿಸಿ, ಒಣಗಬೇಕಾದ ಬೀಜವನ್ನು ನಾವೇ ಕೈಯಾರೆ ಹೊರಗೆ ಹಾಕಿದೆವು. ಇಂಥ ಬುದ್ಧಿಯನ್ನು ಯಾವ ದೇಶದಿಂದಲೂ ತರಿಸಿಕೊಂಡದ್ದಲ್ಲ, ಪೂರಾ ನಮ್ಮದೇ ಬೆಳೆ.

ಹೊರಗೆ ಹಾಕಿದ ಬೀಜಕ್ಕೆ ಜಾಗ ಹುಡುಕುವಾಗ ಇಡೀ ಸಂಘದ ಕಣ್ಣು ನನ್ನ ಮೇಲೆ ಬಿತ್ತು. 'ನಿಮ್ಮ ಮಂಚ ಅರ್ಧ ಖಾಲಿ ಇದೆಯಲ್ಲ' ಎಂದರು. ಹೀಗೆ ಮೂರು ವರ್ಷದ ಹಿಂದೆ ನನ್ನಾಕೆ ಬಿಟ್ಟುಹೋದ ಜಾಗದಲ್ಲಿ ಮೆಕ್ಕೆಜೋಳದ ಚೀಲಗಳು ಬಂದು ಮಲಗಿದವು. ದೂರುತ್ತಿದ್ದೇನೆಂದು ತಿಳಿಯಬಾರದು. ಮೆಕ್ಕೆಜೋಳ ಗೊರಕೆ ಹೊಡೆಯುವುದಿಲ್ಲ, ಹೊದಿಕೆ ಎಳೆಯುವುದಿಲ್ಲ, ದೀಪ ಆರಿಸಿ ಎಂದು ಗದರುವುದಿಲ್ಲ. ಚೀಲದೊಳಗೆ ಹುಳುಗಳು ಕಿರಕಿರ ಎಂದು ಅಗಿಯುವ ಸದ್ದೊಂದು ಬಿಟ್ಟರೆ ಸಂಸಾರ ಸುಖವಾಗಿಯೇ ಸಾಗಿತ್ತು.

ಹಾಗಾದರೆ ಹಿಂದೆ ಬೀಜವನ್ನು ಹೇಗೆ ಕಾಯುತ್ತಿದ್ದಿರಿ ಎಂದು ತಾವು ಕೇಳಬಹುದು. ಬೂದಿ ಬೆರೆಸಿ, ದಪ್ಪ ಮಣ್ಣಿನ ಗಡಿಗೆಗಳಲ್ಲಿ ತುಂಬಿ, ಬಾಯಿಗೆ ಸಗಣಿ ಮೆತ್ತಿ ಇಡುತ್ತಿದ್ದೆವು. ಗಡಿಗೆಗಳ ಉಸ್ತುವಾರಿ ನನ್ನಾಕೆಯದು; ಅವಳು ಹಲ್ಲಿನಲ್ಲಿ ಕಚ್ಚಿ ನೋಡಿ, ಕಟ್ ಎಂದು ಒಡೆಯುವಷ್ಟು ಒಣಗಿದ ಕಾಳಿಗೆ ಮಾತ್ರ ಒಳಗೆ ಪ್ರವೇಶ. ಆದರೆ ಹಂಚಿಕೊಳ್ಳುವುದೆಂದಮೇಲೆ ನಾವೂ ಏನಾದರೂ ಕೊಡಬೇಡವೇ? ತಮ್ಮ ಜೊತೆ ಬಂದ ನಿಯೋಗದವರು ಆ ಗಡಿಗೆಗಳನ್ನು ಕಂಡು 'ವಂಡರ್‌ಫುಲ್' ಎಂದದ್ದೇ ತಡ, ಸಾಹೇಬರು ಅಷ್ಟನ್ನೂ ಹುಲ್ಲಿನಲ್ಲಿ ಸುತ್ತಿ ತಮ್ಮ ತವರಿಗೆ ಕಳಿಸಿಬಿಟ್ಟರು. ಮೊನ್ನೆ ಅಲ್ಲಿಂದ ಫೋಟೋ ಬಂದಿದೆ. ನಮ್ಮ ಗಡಿಗೆಗಳು ಗಾಜಿನ ಬೀರುವಿನಲ್ಲಿ, ದೀಪದ ಕೆಳಗೆ, ತೇವವೇ ಇಲ್ಲದ ತಂಪು ಗಾಳಿಯಲ್ಲಿ ಖಾಲಿ ಹೊಟ್ಟೆಯಲ್ಲಿ ಕುಳಿತಿವೆ. ಇಲ್ಲಿ ತಾವು ರಿಬ್ಬನ್ ಕಟ್ಟಿಕೊಂಡು ಖಾಲಿ ಹೊಟ್ಟೆಯಲ್ಲಿ ಕುಳಿತಿದ್ದೀರಿ. ಎರಡು ದೇಶಗಳ ಸ್ನೇಹ ಇದಕ್ಕಿಂತ ಸಮಸಮವಾಗಿರಲು ಸಾಧ್ಯವಿಲ್ಲ.

ಇನ್ನು ಆ ರಿಬ್ಬನ್ನಿನ ವಿಚಾರ. ಕೆಂಪು ಸ್ಯಾಟಿನ್, ಅಗಲವಾದದ್ದು, ತಮ್ಮ ಹೊಟ್ಟೆಯ ಸುತ್ತ ಕಟ್ಟಿದ್ದಾರೆ. ಅದನ್ನು ಎರಡು ದೇಶದ ದೊಡ್ಡವರು ಒಟ್ಟಿಗೆ ನಿಂತು ಕತ್ತರಿಸುವ ತನಕ ತಮ್ಮನ್ನು ಯಾರೂ ಮುಟ್ಟಕೂಡದಂತೆ. ನಮ್ಮವರಿಗೆ ಬಿಡುವಾದಾಗ ತಮ್ಮವರಿಗೆ ನೆಗಡಿ, ತಮ್ಮವರ ಮೂಗು ಸರಿಹೋದಾಗ ನಮ್ಮವರಿಗೆ ಚುನಾವಣೆ. ಕೇಳಲು ಹೋದಾಗಲೆಲ್ಲ ಸಾಹೇಬರು 'ನಾಳೆ ನೋಡೋಣ ಯಜಮಾನ್ರೇ' ಎಂದು ಎಷ್ಟು ನಯವಾಗಿ ಹೇಳುತ್ತಾರೆಂದರೆ, ಊರವರು ಅವರಿಗೆ ನಾಳೆ ಸಾಹೇಬರೆಂದೇ ಹೆಸರಿಟ್ಟಿದ್ದಾರೆ.

ಅಷ್ಟರಲ್ಲಿ ಮಳೆ ಹಿಡಿಯಿತು. ಒಂದು ಬೆಳಗ್ಗೆ ಎದ್ದು ನೋಡುತ್ತೇನೆ, ದಿಂಬಿನ ಪಕ್ಕದ ಚೀಲದ ಹೊಲಿಗೆಯಿಂದ ಬಿಳಿ ಮೊಳಕೆಯೊಂದು ತಲೆ ಹೊರಗೆ ಹಾಕಿ ನನ್ನನ್ನೇ ನೋಡುತ್ತಿತ್ತು. ಇದು ತಮಾಷೆಯಲ್ಲ. ಮಂಚದ ಮೇಲಿದ್ದದ್ದು ಇಡೀ ಊರಿನ ಮುಂದಿನ ಬಿತ್ತನೆಯ ಬೀಜ. ಅದು ಮುಗ್ಗಿದರೆ ಪೇಟೆಯ ಪೊಟ್ಟಣದ ಬೀಜವೇ ಗತಿ, ಆ ಪೊಟ್ಟಣದ ಬೆಳೆಯಿಂದ ಬೀಜ ಉಳಿಸಿಕೊಳ್ಳಲು ಬರುವುದಿಲ್ಲ. ನಮ್ಮ ಹಿರಿಯರು ಆರಿಸಿ ಆರಿಸಿ ಉಳಿಸಿದ ತಳಿ ನನ್ನ ಹಾಸಿಗೆಯಲ್ಲೇ ಪ್ರಾಣ ಬಿಟ್ಟಂತಾಗುತ್ತದೆ. ಆದಕಾರಣ ತಾವೇ ದೊಡ್ಡ ಮನಸ್ಸು ಮಾಡಿ, ರಿಬ್ಬನ್ ಅಲುಗದಂತೆ ಎದ್ದು, ನಡೆದು, ನನ್ನ ಮಂಚದ ತನಕ ದಯಮಾಡಿಸಬೇಕೆಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಪತ್ರ ಬರೆಯಹೊರಟದ್ದು.

ಇಲ್ಲಿಯವರೆಗೆ ಬರೆದದ್ದು ಶನಿವಾರ. ಮುಂದಿನದು ಸೋಮವಾರ ಬರೆಯುತ್ತಿರುವುದರಿಂದ ಧಾಟಿ ಬದಲಾಗಿದ್ದರೆ ಕ್ಷಮಿಸಬೇಕು, ನಡುವೆ ಒಂದು ಭಾನುವಾರ ಬಂದು ಹೋಯಿತು.

ಭಾನುವಾರ ಮಧ್ಯಾಹ್ನ ನನ್ನ ನಾದಿನಿ ಮನೆಗೆ ಬಂದಳು. ಪೇಟೆ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು, ಸಂಘದ ಅಧ್ಯಕ್ಷೆ, ಬಾಯಿಯಲ್ಲಿ ಸೂಜಿ ಕಚ್ಚಿಕೊಂಡೇ ಮಾತಾಡಿ ಅಭ್ಯಾಸವಾದ್ದರಿಂದ ಮಾತೂ ಹಾಗೇ ಬರುತ್ತದೆ. ಈ ಪತ್ರ ಓದಿದವಳೇ, 'ಭಾವ, ಅದೇನು ಬಸುರಿನೋ ಬಾಣಂತಿನೋ, ನೀವು ಇಷ್ಟು ಉಪಚಾರ ಮಾಡೋಕೆ? ಅಕ್ಕ ಇದ್ದಿದ್ರೆ ಬಂದ ದಿನಾನೇ ಕಿವಿ ಹಿಂಡಿ ಕೆಲಸಕ್ಕೆ ಹಚ್ಚಿರೋಳು' ಎಂದು, ಸಂಘದ ಬೀಗದ ಕೈಯನ್ನೂ ನನ್ನ ಕೈಯನ್ನೂ ಒಟ್ಟಿಗೆ ಹಿಡಿದುಕೊಂಡು ಹೊರಟಳು. ಅವಳ ಗಂಡ, ಅಂದರೆ ನನ್ನ ಷಡ್ಡಕ, ವೈರಿಂಗ್ ಕೆಲಸದವನು, ಮೊದಲೇ ಅಲ್ಲಿ ಹಾಜರಿದ್ದ. ತಮ್ಮ ಪ್ಲಗ್ಗಿನ ಚಪ್ಪಟೆ ಕಾಲುಗಳು ನಮ್ಮ ಗೋಡೆಯ ದುಂಡು ತೂತುಗಳಿಗೆ ಹೋಗುವುದಿಲ್ಲವೆಂದು ನೋಡಿ ನಡುವೆ ಏನೋ ಒಂದು ತುಂಡು ಜೋಡಿಸಿದ. ಒಪ್ಪಂದ ಏನೇ ಹೇಳಲಿ, ಎರಡು ದೇಶಗಳು ನಿಜವಾಗಿ ಕೈ ಕುಲುಕಿದ್ದು ಆಗಲೇ.

ತಮ್ಮ ಜೊತೆ ಬಂದ ಪುಸ್ತಿಕೆಯನ್ನು ಓದುವ ಗೌರವ, ಊರಿನಲ್ಲಿ ಕಾಲೇಜಿನ ಮುಖ ಕಂಡ ಏಕಮಾತ್ರ ವ್ಯಕ್ತಿಯಾದ ನನಗೆ ಬಂತು. ಕನ್ನಡಕ ಏರಿಸಿ 'ಬಿಫೋರ್ ಯೂಸ್, ರಿಮೂವ್ ಆಲ್ ಪ್ಯಾಕಿಂಗ್ ಮೆಟೀರಿಯಲ್' ಎಂದು ಗಟ್ಟಿಯಾಗಿ ಓದಿದೆ. ನಾದಿನಿ ಅರ್ಥ ಕೇಳಿದಳು, ಬಳಸುವ ಮುಂಚೆ ಸುತ್ತಿದ್ದನ್ನೆಲ್ಲ ತೆಗೆಯಬೇಕಂತೆ ಎಂದೆ. 'ರಿಬ್ಬನ್ನೂ ಸುತ್ತಿದ್ದೇ ತಾನೆ?' ಎಂದಳು. ವಿದ್ಯಾವಂತನಾಗಿ ನಾನು ಅಲ್ಲವೆನ್ನಲು ಸಾಧ್ಯವೇ? ಬಟ್ಟೆ ಕತ್ತರಿ ಒಮ್ಮೆ ಕಚಕ್ ಎಂದಿತು. ಎರಡು ಸರ್ಕಾರಗಳಿಗೆ ಇಷ್ಟು ದಿನ ಆಗದ ಕೆಲಸ ಅಷ್ಟರಲ್ಲಿ ಮುಗಿದಿತ್ತು.

ಮುಂದಿನದನ್ನು ತಮಗೆ ಹೇಳಬೇಕಾಗಿಲ್ಲ, ತಾವೇ ಮಾಡಿದ್ದು. ಸಂಜೆಗೆ ಕೊನೆಯ ಚೀಲ ಹೊರಬಂದಾಗ ನಾದಿನಿ ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು, ಅಕ್ಕನ ಹಾಗೆಯೇ ಕಣ್ಣು ಮುಚ್ಚಿ ಕಚ್ಚಿದಳು. ಕಾಳು ಕಟ್ ಎಂದಿತು. 'ಅಕ್ಕ ಪಾಸ್ ಮಾಡೋಳು' ಎಂದಳು. ಮೊಳೆತುಹೋದ ಒಂದು ಚೀಲ ಕೋಳಿಗಳ ಪಾಲಾಯಿತು, ಉಳಿದದ್ದೆಲ್ಲ ಬದುಕಿತು. ಈಗ ಬೀಜ ತಮ್ಮ ಬೆನ್ನ ಹಿಂದೆಯೇ, ಗಣ್ಯರಿಗೆ ಸ್ವಾಗತ ಕೋರುವ ಬ್ಯಾನರಿನ ಮರೆಯಲ್ಲಿ ಬೆಚ್ಚಗಿದೆ. ನನ್ನ ಮಂಚ ಮತ್ತೆ ಅರ್ಧ ಖಾಲಿ. ಅದರ ಬಗ್ಗೆ ತಮ್ಮಲ್ಲಿ ದೂರಿಲ್ಲ, ಅದಕ್ಕೆ ಯಾವ ದೇಶದ ಜೊತೆಗೂ ಒಪ್ಪಂದವಾದಂತಿಲ್ಲ.

ಕೊನೆಯದಾಗಿ ಒಂದು ಬಿನ್ನಹ. ಎಂದಾದರೊಮ್ಮೆ ದೊಡ್ಡವರು ಬಂದು ಗುಂಡಿ ಒತ್ತಿದಾಗ ತಾವು ದಯವಿಟ್ಟು ಇದೇ ಮೊದಲೆಂಬಂತೆ ನಟಿಸಬೇಕು. ಸ್ವಲ್ಪ ತಡವರಿಸಿ, ಸ್ವಲ್ಪ ಕೆಮ್ಮಿ, ಆಮೇಲೆ ಶುರುವಾಗಿ. ಹೊಟ್ಟೆಯಲ್ಲಿ ನಮ್ಮ ಕಾಳು ಒಂದೆರಡು ಉಳಿದಿದ್ದರೆ ಅವರೆದುರು ತೇಗಬೇಡಿ.

ಇಂತಿ, ಭಾನುವಾರದ ಸಂಜೆಯಿಂದೀಚೆಗೆ ಮಾತ್ರ
ತಮ್ಮ ವಿಶ್ವಾಸಿಯಾದ,
ಅರ್ಧ ಮಂಚದ ಯಜಮಾನ

ಮರೆತ ಮಾತು: ರಿಬ್ಬನ್ನನ್ನು ನಾದಿನಿ ಹೊಲಿಗೆ ಕಾಣದ ಹಾಗೆ ಮತ್ತೆ ಜೋಡಿಸಿ ಕಟ್ಟಿದ್ದಾಳೆ, ಆದರೆ ಹೊಲಿಗೆಯೊಳಗೆ ನಾಲ್ಕು ಬೆರಳು ಬಟ್ಟೆ ಹೋಗಿದೆ. ಆದ್ದರಿಂದ ಸಮಾರಂಭ ಮುಗಿಯುವವರೆಗೆ ತಾವು ಹೊಟ್ಟೆ ಒಳಗೆ ಎಳೆದುಕೊಂಡಿರಬೇಕು. ಗುಟ್ಟನ್ನು ಬಹಿರಂಗ ಪತ್ರದಲ್ಲಿ ಬರೆದನಲ್ಲಾ ಎಂದು ಗಾಬರಿಯಾಗಬೇಡಿ. ಈ ಪತ್ರವನ್ನು ಕೃಷಿ ಕಚೇರಿಯ ಬಾಗಿಲಿಗೇ ಅಂಟಿಸಿ, ಈ ಮರೆತ ಮಾತನ್ನು ಅಲ್ಲೇ ನಿಂತು ಸೇರಿಸುತ್ತಿದ್ದೇನೆ. ಸಾಹೇಬರು ಆಗಲೇ ಅದರ ಮುಂದೆ ನಿಂತು, ಉದ್ದ ಎಷ್ಟಿದೆಯೆಂದು ಕಣ್ಣಲ್ಲೇ ಅಳೆದು, ನಾಳೆ ಓದೋಣ ಎಂದು ಒಳಗೆ ಹೋದರು.